ಹಿಂಬದಿಯ ಕೋಣೆಗೆ ಎಂಥ ಬಣ್ಣ?

ಮನೆಯ ಬೆನ್ನಿಗಿರುವ ಯುಟಿಲಿಟಿ ಕತ್ತಲು. ಅದಕ್ಕೆ ಮಿರಮಿರನೆ ಮಿಂಚುವ ಪೇಂಟೇ ಮದ್ದೆಂದು ನಂಬಿದವರು ಬಹಳ. ಗೋಡೆ ಮಿಂಚುತ್ತದೆ, ಕೋಣೆ ಕತ್ತಲಾಗಿಯೇ ಉಳಿಯುತ್ತದೆ! ಕೊಲ್ಹಾಪುರ ಸೀಮೆಯಲ್ಲಿ ನವರಾತ್ರಿ ಬಂತೆಂದರೆ ಸುಣ್ಣ–ಬಣ್ಣದ ಸುಗ್ಗಿ. ಡಬ್ಬಿಯ ಮುಚ್ಚಳ ತೆಗೆಯುವ ಮುನ್ನ ಒಂದಿಷ್ಟು ವಿಚಾರ.

ಘಟಸ್ಥಾಪನೆಗೆ ಇನ್ನೂ ಒಂದು ವಾರವಿರುವಾಗಲೇ ಇಚಲಕರಂಜಿಯ ಪೇಂಟ್ ಅಂಗಡಿಗಳಲ್ಲಿ ಕಾಲಿಡಲು ತೆರಪಿಲ್ಲದಂತಾಗುತ್ತದೆ. ಅಂಥದೊಂದು ಮಧ್ಯಾಹ್ನ, ಬಣ್ಣ ಬೆರೆಸುವ ಯಂತ್ರವು ಡಬ್ಬಿಯನ್ನು ಗಡಗಡನೆ ಕುಲುಕುತ್ತಿರಲು, ಕೌಂಟರಿನ ಮೇಲೆ ಬಿಡಿಸಿಟ್ಟ ಶೇಡ್ ಕಾರ್ಡಿನ ಮುಂದೆ ನಿಂತ ಗೃಹಿಣಿಯೊಬ್ಬರು, ಸಾಲುಸಾಲಾಗಿ ಅಂಟಿಸಿದ ಬಿಳುಪುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಭೇದವನ್ನು ಕಾಣಲಾರದೆ, ಕಡೆಗೆ ಕಾರ್ಡನ್ನೇ ಮಡಚಿಟ್ಟು ತಮ್ಮ ತೀರ್ಮಾನವನ್ನು ಹೇಳಿಬಿಟ್ಟರು.

“ಪೂರಾ ಗ್ಲಾಸಿನs ಕೊಡ್ರಿ ಅಣ್ಣಾ. ಹಿಂದಿನ ಖೋಲಿ ಭಾಳ ಕತ್ತಲೈತಿ, ಹಗಲೊತ್ತಿನಾಗೂ ಲೈಟ್ ಹಾಕಬೇಕಾಗತೈತಿ.”

ಅಂಗಡಿಯಾತ ಮರಾಠಿಯಲ್ಲಿ ಆರಂಭಿಸಿದ ವಾಕ್ಯವನ್ನು ಕನ್ನಡದಲ್ಲಿ ಮುಗಿಸಿ ಡಬ್ಬಿಯತ್ತ ಕೈಚಾಚಿದನು. ಆದರೆ ಮೂಲೆಯಲ್ಲಿ ಬ್ರಶ್ಶುಗಳ ಕೂದಲನ್ನು ಹಿಂಡಿ ನೋಡುತ್ತಿದ್ದ ವಯಸ್ಸಾದ ಪೇಂಟರು ಸುಮ್ಮನಿರಲಾರದೆ ನಡುವೆ ಬಾಯಿಹಾಕಿದನು: “ವೈನಿ, ಗ್ಲಾಸಿ ಹೊಡದ್ರ ಗೋಡಿ ಮಿಂಚತೈತಿ, ಖೋಲಿ ಬೆಳಕಾಗಂಗಿಲ್ಲ. ಲಾಂಬಿ (ಪುಟ್ಟಿ) ಎಳದ ಗೆರಿ ಅಷ್ಟೂ ಎದ್ದು ಕಾಣತಾವ ನೋಡ್ರಿ!”

ಆ ಒಂದು ಮಾತಿನಲ್ಲಿ ದ್ಯುತಿಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆಯೆಂಬುದು ಅವನಿಗೆ ತಿಳಿದಿರಲಿಕ್ಕಿಲ್ಲ. ತಿಳಿದಿರಬೇಕಾದ ಅಗತ್ಯವೂ ಇಲ್ಲ.

ಈ ಸೀಮೆಯ ಹಳೆಯ ಮನೆಗಳಲ್ಲಿ ಅಡಿಗೆಮನೆಯ ಮೂಲೆಯ ಮೋರಿ, ಅದರಾಚೆಯ ನ್ಹಾಣಿ, ಹಿತ್ತಿಲ ಬಾಗಿಲ ಬಳಿಯ ಒಗೆಯುವ ಕಲ್ಲು, ಇವು ಮೂರೂ ಹಂಚಿಕೊಂಡು ಮಾಡುತ್ತಿದ್ದ ಕಾರ್ಯವನ್ನು ಇಂದಿನ ಅಪಾರ್ಟ್‌ಮೆಂಟಿನಲ್ಲಿ, ಬಿಲ್ಡರರು ‘ಡ್ರೈ ಬಾಲ್ಕನಿ’ಯೆಂದೂ ಮನೆಯವರು ಯುಟಿಲಿಟಿಯೆಂದೂ ಕರೆಯುವ ಇಕ್ಕಟ್ಟಾದ ಒಂದೇ ಜಾಗವು ನಿರ್ವಹಿಸಬೇಕಾಗಿದೆ. ಅಲ್ಲಿ ವಾಷಿಂಗ್ ಮಶೀನು, ಸಿಲಿಂಡರು, ಇನ್ವರ್ಟರಿನ ಬ್ಯಾಟರಿ, ಬಕೀಟು, ಕಸಬರಿಗೆ. ಮೇಲೆ ಹಗ್ಗದ ತುಂಬ ಒದ್ದೆ ಬಟ್ಟೆ. ಇವೆಲ್ಲವನ್ನೂ ದಾಟಿ ಒಳಬರಬೇಕಾದ ಬೆಳಕಿಗೆ ಡಕ್ಟಿನ ಕಡೆಯ ಜಾಳಿಗೆಯೊಂದೇ ದ್ವಾರ. ಹಳೆಯ ಮಾಳಿಗೆಮನೆಯ ನೆತ್ತಿಯಲ್ಲಿ ಬೆಳಕಿಂಡಿಯೊಂದಾದರೂ ಇರುತ್ತಿತ್ತು. ಮೇಲೆ ಮತ್ತೊಬ್ಬರ ಮನೆಯಿರುವ ಫ್ಲ್ಯಾಟಿನಲ್ಲಿ ಅದಕ್ಕೂ ಎಡೆಯಿಲ್ಲ.

ಬೆಳಕು ಕಡಿಮೆಯಿರುವಲ್ಲಿ ಇರುವ ಬೆಳಕನ್ನೇ ಹೆಚ್ಚು ಸಲ ದುಡಿಸಿಕೊಳ್ಳಬೇಕು. ಅದು ಸಾಧ್ಯವಾಗುವುದು ಗೋಡೆಯ ಹೊಳಪಿನಿಂದಲೋ ಅಥವಾ ಬಿಳುಪಿನಿಂದಲೋ ಎಂಬುದೇ ಪ್ರಶ್ನೆ.

ಕರಿಗಲ್ಲಿನ ಅರಮನೆಯ ಸಾಕ್ಷ್ಯ

ಕೊಲ್ಹಾಪುರದವರು ಈ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೇಜರ್ ಚಾರ್ಲ್ಸ್ ಮ್ಯಾಂಟನ ನಕ್ಷೆಯಂತೆ 1877ರಿಂದ 1884ರವರೆಗೆ ಕಟ್ಟಲ್ಪಟ್ಟ ನ್ಯೂ ಪ್ಯಾಲೇಸು ನಯಗೊಳಿಸಿದ ಕರಿಗಲ್ಲಿನ ಸೌಧ. ಸಹ್ಯಾದ್ರಿಯ ಈ ಶಿಲೆಯನ್ನು ಎಷ್ಟು ಉಜ್ಜಿ ನುಣುಪುಗೊಳಿಸಿದರೂ ಅದು ಎದುರಿನ ಕಿಟಕಿಯ ಪ್ರತಿಬಿಂಬವನ್ನು ತೋರೀತೇ ಹೊರತು ಕೊಠಡಿಯನ್ನು ಬೆಳಗಲಾರದು. ಕಪ್ಪು ಕಪ್ಪಾಗಿಯೇ ಉಳಿದು, ಬಂದ ಬೆಳಕಿನ ಬಹುಭಾಗವನ್ನು ತನ್ನೊಳಗೇ ಜೀರ್ಣಿಸಿಕೊಂಡುಬಿಡುವುದು. ಅದೇ ಒಂದು ಬಡವರ ಮನೆಯ, ಹೊಳಪೆಂಬುದೇ ಇಲ್ಲದ, ಮುಟ್ಟಿದರೆ ಕೈಗೆ ಹತ್ತುವ ಸುಣ್ಣದ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಹಿಂದಕ್ಕೆ ಕೊಡುತ್ತದೆ.

ಕಾರಣವು ಸರಳ. ಬಣ್ಣದ ಪದರದ ಮೇಲೆ ಬಿದ್ದ ಬೆಳಕಿಗೆ ಎರಡು ಗತಿಗಳುಂಟು. ಒಂದು ಅಲ್ಪಭಾಗ, ನೇರವಾಗಿ ಬಿದ್ದಾಗ ನೂರಕ್ಕೆ ಸುಮಾರು ನಾಲ್ಕರಷ್ಟು, ಒಳಗೆ ಹೋಗದೆಯೇ ಮೇಲ್ಪೊರೆಯಿಂದ ಹಿಂದಿರುಗುತ್ತದೆ. ಉಳಿದುದೆಲ್ಲ ಒಳಹೊಕ್ಕು, ಅಲ್ಲಿ ಹುದುಗಿರುವ ಬಿಳಿಯ ಕಣಗಳಿಗೆ ತಾಗಿ ತಾಗಿ ಚೆದುರಿ, ಎಲ್ಲ ದಿಕ್ಕುಗಳಿಗೂ ಹೊರಬೀಳುತ್ತದೆ. ಕೋಣೆ ಬೆಳಗುವುದು ಈ ಎರಡನೆಯ ಪಾಲಿನಿಂದ. ಗ್ಲಾಸಿಗೂ ಮ್ಯಾಟಿಗೂ ಇರುವ ವ್ಯತ್ಯಾಸವು ಮುಖ್ಯವಾಗಿ ಆ ಮೊದಲಿನ ಅಲ್ಪಭಾಗಕ್ಕೆ ಸಂಬಂಧಿಸಿದ್ದು: ನುಣುಪಾದ ಗೋಡೆಯು ಅದನ್ನು, ಕೇರಂ ಬೋರ್ಡಿನ ಅಂಚಿಗೆ ಬಡಿದ ಸ್ಟ್ರೈಕರಿನಂತೆ, ಒಂದೇ ದಿಕ್ಕಿಗೆ ಕಳುಹುತ್ತದೆ; ಒರಟು ಗೋಡೆಯು ನಾಲ್ದೆಸೆಗೆ ಚೆಲ್ಲುತ್ತದೆ. ಕಳುಹುವ ಮೊತ್ತದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ.

ಎಲ್ಲ ದಿಕ್ಕಿಗೂ ಸಮವಾಗಿ ಬೆಳಕನ್ನು ಚೆದುರಿಸುವ ಇಂಥ ಮೇಲ್ಮೈಗೆ ಗಣಿತದ ನಿಯಮವನ್ನು ಯೋಹಾನ್ ಹೈನ್ರಿಷ್ ಲ್ಯಾಂಬರ್ಟನು 1760ರಲ್ಲಿಯೇ ತನ್ನ ‘ಫೋಟೋಮೆಟ್ರಿಯಾ’ ಎಂಬ ಗ್ರಂಥದಲ್ಲಿ ಕೊಟ್ಟಿದ್ದಾನೆ. ಮ್ಯಾಟ್ ಗೋಡೆಯನ್ನು ಎಲ್ಲಿ ನಿಂತು ನೋಡಿದರೂ ಒಂದೇ ಸಮನಾದ ಬೆಳಗಾಗಿ ತೋರುವುದು ಆ ನಿಯಮದಿಂದಲೇ.

ಬಿಳುಪಿನ ಮಹಿಮೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಗೋಡೆಯಿಂದ ಹೊರಟ ಬೆಳಕು ಎದುರು ಗೋಡೆಗೆ, ಅಲ್ಲಿಂದ ಛಾವಣಿಗೆ, ಮತ್ತೆ ಗೋಡೆಗೆ, ಹೀಗೆ ಅಲೆಯುತ್ತಿರುವುದರಿಂದ ಪ್ರತಿಯೊಂದು ಸಲವೂ ಉಳಿದುದರಲ್ಲಿ ಎಷ್ಟು ಉಳಿಯಿತೆಂಬುದು ಮುಖ್ಯವಾಗುತ್ತದೆ. ಸಂಪೂರ್ಣ ಮುಚ್ಚಿದ ಕೋಣೆಯೊಂದನ್ನು ಕಲ್ಪಿಸಿಕೊಂಡು ಲೆಕ್ಕಹಾಕಿದರೆ, ಅರ್ಧ ಬೆಳಕನ್ನು ಹಿಂದಿರುಗಿಸುವ ಗೋಡೆಗಳ ನಡುವೆ ದೀಪದ ಬೆಳಕು ಎರಡು ಪಟ್ಟಾಗುವುದು; ನೂರಕ್ಕೆ ಎಂಬತ್ತನ್ನು ಹಿಂದಿರುಗಿಸಿದರೆ ಐದು ಪಟ್ಟು; ತೊಂಬತ್ತನ್ನಾದರೆ ಹತ್ತು ಪಟ್ಟು. ಯುಟಿಲಿಟಿಯಲ್ಲಿ ಜಾಳಿಗೆಯೂ ಮಶೀನೂ ಒದ್ದೆ ಬಟ್ಟೆಯೂ ತಮ್ಮ ಪಾಲನ್ನು ನುಂಗುವುದರಿಂದ ಈ ಪ್ರಮಾಣದ ಲಾಭ ಸಿಗದು, ನಿಜ. ಆದರೂ ತಿಳಿಹಳದಿಯಿಂದ ಶುಭ್ರವಾದ ಬಿಳುಪಿಗೆ ಬಂದ ಇಕ್ಕಟ್ಟು ಕೋಣೆಯು, ಕೆನೆಬಣ್ಣದ ಗ್ಲಾಸಿ ಬಳಿದ ಕೋಣೆಗಿಂತ ಏಕೆ ಹೆಚ್ಚು ಹಗುರವೆನಿಸುವುದೆಂಬುದಕ್ಕೆ ವಿವರಣೆ ಇಲ್ಲಿದೆ.

▣ ಹೊಳಪಿಗೂ ಉಂಟು ಅಳತೆಗೋಲು
ಹೊಳಪನ್ನು ಅಳೆಯುವ ಉಪಕರಣವು 60 ಅಂಶಗಳ ಕೋನದಲ್ಲಿ ಬೆಳಕನ್ನು ಬೀಳಿಸಿ, ಅದೇ ಕೋನದಲ್ಲಿ ಮರಳಿದುದನ್ನು ಗುರುತಿಸುತ್ತದೆ. ನಯಗೊಳಿಸಿದ ಕರಿಗಾಜಿನ ಹೊಳಪೇ ಅದಕ್ಕೆ 100ರ ಮಾನದಂಡ. ಉತ್ತರ ಅಮೆರಿಕದ ಮಾಸ್ಟರ್ ಪೇಂಟರ್ಸ್ ಇನ್‌ಸ್ಟಿಟ್ಯೂಟಿನ ವರ್ಗೀಕರಣದಂತೆ ಮ್ಯಾಟ್ 5ರೊಳಗೆ; ಎಗ್‌ಶೆಲ್ 10–25; ಸ್ಯಾಟಿನ್ 20–35; ಸೆಮಿ ಗ್ಲಾಸ್ 35–70; ಗ್ಲಾಸ್ 70–85. ನಮ್ಮ ಅಂಗಡಿಗಳ ‘ಸಾಫ್ಟ್ ಶೀನ್’, ‘ಹೈ ಶೀನ್’, ‘ಲಸ್ಟರ್’ ಮೊದಲಾದ ಹೆಸರುಗಳು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ಹೆಸರನ್ನು ನಂಬದೆ ಬಳಿದ ತುಂಡನ್ನು ತೋರಿಸಿರೆಂದು ಕೇಳುವುದೇ ಲೇಸು.

ಆರಿದ ಮೇಲೆ ಮೂಡುವ ಬಿಳುಪು

ಸುಣ್ಣ ಬಳಿಯುವುದನ್ನು ಹತ್ತಿರದಿಂದ ನೋಡಿದವರು ಒಂದು ವಿಚಿತ್ರವನ್ನು ಬಲ್ಲರು. ಕುಂಚವು ಹಾದುಹೋದ ಕೂಡಲೇ ಗೋಡೆಯ ಮೇಲೆ ಏನೂ ಕಾಣಿಸದು. ಹಳೆಯ ಕಲೆಗಳೆಲ್ಲ ಒದ್ದೆಯಾಗಿ ಮತ್ತಷ್ಟು ಕಪ್ಪಾಗಿ ತೋರುವುದನ್ನು ಕಂಡು, ಅನುಭವವಿಲ್ಲದವನು ಸುಣ್ಣ ತೆಳುವಾಯಿತೆಂದು ಇನ್ನೊಂದು ಕೈ ಎಳೆಯುತ್ತಾನೆ. ತುಸು ಹೊತ್ತು ಕಾಯಬೇಕು. ಅಂಚಿನಿಂದ ಆರುತ್ತ ಬಂದಂತೆ ಬಿಳುಪು ತಾನಾಗಿ ಮೂಡಿ, ಸಂಜೆಯ ವೇಳೆಗೆ ಗೋಡೆಯು ಕಣ್ಣುಕೋರೈಸುವಂತಾಗುತ್ತದೆ.

ಸುಣ್ಣದ ಕಣಕ್ಕೂ ನೀರಿಗೂ ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಅಂತರವು ಕಡಿಮೆ. ಕಣಕ್ಕೂ ಗಾಳಿಗೂ ಅಧಿಕ. ನೀರು ಆವಿಯಾಗಿ ಕಣಕಣಗಳ ಸಂದಿನಲ್ಲಿ ಗಾಳಿ ತುಂಬಿಕೊಂಡಾಗಲೇ ಬೆಳಕು ಚೆದುರುವುದು, ಬಿಳುಪು ಹುಟ್ಟುವುದು. ಅಂದರೆ ಸುಣ್ಣದ ಬಿಳುಪು ಅದರ ಒರಟುತನದ ಮತ್ತು ಸಚ್ಛಿದ್ರತೆಯ ಕೊಡುಗೆ. ಕೊಂಚ ಹಳದಿ ತಿರುಗುವ ಅದರ ಛಾಯೆಯನ್ನು ಅಡಗಿಸಲು, ಬಟ್ಟೆಗೆ ಹಾಕುವ ನೀಲಿಯನ್ನೇ ಚಿಟಿಕೆಯಷ್ಟು ಬೆರೆಸುವ ಪದ್ಧತಿ ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. ಜೊತೆಗೆ ಹಸಿಸುಣ್ಣದ ಕ್ಷಾರವು ಬೂಸ್ಟನ್ನು ಬೆಳೆಯಗೊಡದು. ಅದರ ಪದರವು ಗೋಡೆಯ ತೇವವನ್ನು ಹೊರಬಿಡುತ್ತದೆ. ಗಡಹಿಂಗ್ಲಜದ ಕಡೆಯ ಮಣ್ಣಿನ ಗೋಡೆಯ ಮನೆಗಳಿಗೆ ಇದಕ್ಕಿಂತ ಮಿಗಿಲಾದ ಲೇಪನ ಇಂದೂ ಇಲ್ಲವೆಂದೇ ನನ್ನ ಅಭಿಪ್ರಾಯ.

ದೋಷವೊಂದೇ: ಒರಸಲು ಬಾರದು. ತೋಳು ತಾಗಿದರೆ ತೋಳಿಗೆ, ಒಗೆದ ಸೀರೆ ತಾಗಿದರೆ ಸೀರೆಗೆ ಸುಣ್ಣ.

ಆ ಕೊರತೆಯನ್ನು ನೀಗಿದುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿ. ಅದರ ವಕ್ರೀಭವನಾಂಕವು ಸುಮಾರು 2.7, ಅದನ್ನು ಹಿಡಿದಿಡುವ ರಾಳದ್ದು 1.5. ಈ ದೊಡ್ಡ ಅಂತರದಿಂದಾಗಿ ಅದು ರಾಳದಲ್ಲಿ ಮುಳುಗಿದ್ದರೂ ಬಿಳುಪನ್ನು ಕಳೆದುಕೊಳ್ಳುವುದಿಲ್ಲ. ಆದುದರಿಂದ ನುಣುಪೂ ಬಿಳುಪೂ ಒಂದೇ ಗೋಡೆಯಲ್ಲಿ ಸೇರುವುದು ಸಾಧ್ಯವಾಯಿತು. ನಾರ್ವೆಯಲ್ಲಿಯೂ ಅಮೆರಿಕದಲ್ಲಿಯೂ 1916ರ ಸುಮಾರಿಗೆ ಇದರ ವಾಣಿಜ್ಯೋತ್ಪಾದನೆ ಮೊದಲಾಯಿತು. ನಮ್ಮಲ್ಲಿ ಕೇರಳದ ಕಡಲತೀರದ ಕಪ್ಪು ಮರಳಿನಿಂದ ಈ ಬಿಳುಪನ್ನು ತೆಗೆಯಲೆಂದು 1946ರಲ್ಲಿ ತಿರುವಾಂಕೂರ್ ಟೈಟಾನಿಯಂ ಕಾರ್ಖಾನೆ ಸ್ಥಾಪಿತವಾಯಿತು. ಮೈಸೂರಿನ ಆರ್.ಕೆ. ಲಕ್ಷ್ಮಣರು 1954ರಲ್ಲಿ ಏಷ್ಯನ್ ಪೇಂಟ್ಸಿಗೆಂದು ಬರೆದ, ಕೈಯಲ್ಲಿ ಬ್ರಶ್ಶು ಹಿಡಿದ ತುಂಟ ಹುಡುಗ ಗಟ್ಟು ಮನೆಮನೆಯ ಗೋಡೆಗೆ ಆಹ್ವಾನ ನೀಡಿದ ಮೇಲಂತೂ ಪೇಟೆಯ ಮನೆಗಳಿಂದ ಸುಣ್ಣದ ಡೋಣಿ ಮೆಲ್ಲಮೆಲ್ಲನೆ ಹೊರಟುಹೋಯಿತು.

ಹಾಗಾದರೆ ಹೊಳಪು ಬೇಡವೇ?

ಬೇಕು, ಬೆಳಕಿಗಾಗಿ ಅಲ್ಲ, ಗೋಡೆ ಒರಸುವ ಒದ್ದೆ ಅರಿವೆಗಾಗಿ.

ಗಡಹಿಂಗ್ಲಜ ಮತ್ತು ನೆರೆಯ ಸಂಕೇಶ್ವರದ ಪೇಟೆಗಳು ಮೆಣಸಿನಕಾಯಿಗೆ ಹೆಸರಾದುವು. ಬೇಸಿಗೆ ಬಂದಿತೆಂದರೆ ಕಾಯಿ ಒಣಗಿಸಿ, ಈರುಳ್ಳಿ–ಬೆಳ್ಳುಳ್ಳಿ ಹುರಿದು ವರ್ಷದ ಖಾರವನ್ನು ಕುಟ್ಟಿಸಿ ತುಂಬಿಡುವ ಸಂಭ್ರಮ ನಡೆಯುವುದು ಈ ಹಿಂಬದಿಯ ಕೋಣೆಯಲ್ಲಿಯೇ. ಎಣ್ಣೆ ಬೆರೆತ ಆ ಕೆಂಪು ಬೆರಳಿನ ಗುರುತು ಮ್ಯಾಟ್ ಗೋಡೆಯ ರಂಧ್ರಗಳಿಗೆ ಒಮ್ಮೆ ಇಳಿಯಿತೆಂದರೆ ಮತ್ತೆ ಹೊರಡದು. ಉಜ್ಜಿದಷ್ಟೂ ಕಲೆ ಹರಡುವುದಲ್ಲದೆ, ಉಜ್ಜಿದ ಜಾಗ ಮಾತ್ರ ನಯವಾಗಿ ಮಿಂಚತೊಡಗಿ, ಕಲೆಯ ಸುತ್ತ ಒಂದು ಪ್ರಭಾವಳಿಯೂ ಏರ್ಪಡುತ್ತದೆ. ಸ್ಯಾಟಿನ್ನಿನ ಮೇಲಾದರೆ ಸಾಬೂನುನೀರಿನಲ್ಲಿ ಅದ್ದಿದ ಬಟ್ಟೆಯ ಎರಡು ಎಳೆತ ಸಾಕು.

ಇಚಲಕರಂಜಿಯದು ಇನ್ನೊಂದು ಕಥೆ. 1904ರಲ್ಲಿ ಮೊದಲ ಪವರ್‌ಲೂಮ್ ಬಂದಂದಿನಿಂದ ಮಗ್ಗದೊಡನೆ ಬೆಳೆದ ಊರಿದು. ಶೆಡ್ಡಿಗೆ ಗೋಡೆ ಹಂಚಿಕೊಂಡ ಮನೆಗಳಲ್ಲಿ ನೂಲಿನಿಂದ ಉದುರಿದ ಹತ್ತಿಯ ನವಿರು ಧೂಳು ಬೂದಿಬಣ್ಣದ ಪೊರೆಯಾಗಿ ಒರಟು ಗೋಡೆಗೆ ಕಚ್ಚಿಕೊಂಡು, ಬಿಳುಪನ್ನೆಲ್ಲ ತಿಂದುಹಾಕುತ್ತದೆ. ಕೊಳೆಯಾದ ಬಿಳಿಗೋಡೆ ಬಿಳಿಗೋಡೆಯಲ್ಲ. ಹೀಗೆ ಸುತ್ತುದಾರಿಯಿಂದ ಹೊಳಪೂ ಬೆಳಕಿಗೆ ಸಹಾಯಕವಾಗುವುದುಂಟು: ತೊಳೆಯಲು ಬರುವ ಗೋಡೆ ಹೆಚ್ಚು ಕಾಲ ಬಿಳಿದಾಗಿ ಉಳಿಯುತ್ತದೆ.

ಆದರೆ ಅತಿಯಾದ ಹೊಳಪು ಕಣ್ಣಿಗೆ ಹಿತವಲ್ಲ. ಹಳೆಯ ಹತ್ತಿ ಗಿರಣಿಗಳಿಗೆ ಗರಗಸದ ಹಲ್ಲಿನಂಥ ಛಾವಣಿಯನ್ನು ಕಟ್ಟಿ ಉತ್ತರದ ಮೃದುಬೆಳಕನ್ನೇ ಒಳಗೆ ಬಿಟ್ಟುಕೊಳ್ಳುತ್ತಿದ್ದುದು, ಕಡಿದ ಎಳೆಯನ್ನು ಹುಡುಕುವ ಕಣ್ಣಿಗೆ ಪ್ರಖರತೆ ಬಾಧಿಸಬಾರದೆಂದು. ರಂಗಭೂಮಿಯ ಪರದೆಗಳನ್ನು ಸರೇಸಿನಲ್ಲಿ ಕಲಸಿದ, ಲೇಶವೂ ಮಿಂಚದ ಬಣ್ಣಗಳಿಂದ ಬರೆಯುವ ರೂಢಿಯೂ ಇದೇ ವಿವೇಕದ್ದು. ದೀಪದೆದುರು ಮಿಂಚುವ ಪರದೆಯಲ್ಲಿ ದೀಪ ಕಂಡೀತು, ಚಿತ್ರ ಕಾಣದು. ಕೊಲ್ಹಾಪುರದ ಬಾಬುರಾವ್ ಮೇಸ್ತ್ರಿಯವರು ಅಂಥ ಪರದೆಗಳನ್ನು ಬರೆದೇ ‘ಬಾಬುರಾವ್ ಪೇಂಟರ್’ ಎನಿಸಿಕೊಂಡು, ಮುಂದೆ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿ, 1923ರ ‘ಸಿಂಹಗಡ’ ಚಿತ್ರಕ್ಕೆ ಕೃತಕ ದೀಪಗಳ ಬೆಳಕನ್ನು ಬಳಸಿದವರು. ಬೆಳಕಿನ ವರ್ತನೆಯ ಮರ್ಮವನ್ನು ಬಲ್ಲವರು ಈ ಊರಿಗೆ ಹೊಸಬರಲ್ಲ.

▣ ಹಳೆಯ ಆಯಿಲ್ ಪೇಂಟ್: ಎಚ್ಚರ
ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಕೂಡದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಆಯಿಲ್ ಪೇಂಟುಗಳಲ್ಲಿ ಸೀಸವಿರಬಹುದು. ಅಂಥ ಗೋಡೆಯನ್ನಾಗಲಿ ಬಾಗಿಲನ್ನಾಗಲಿ ಒಣದಾಗಿ ಉಜ್ಜಬಾರದು. ನೀರು ಹಾಕಿ ಉಜ್ಜುವ ಪಾಲಿಶ್ ಪೇಪರನ್ನೇ ಬಳಸಿ, ಕೆಸರನ್ನು ಒರಸಿ ತೆಗೆಯಬೇಕು. ಆ ಹೊತ್ತಿಗೆ ಮಕ್ಕಳೂ ಬಸುರಿಯರೂ ಹತ್ತಿರ ಸುಳಿಯಬಾರದು.

ಓರೆಬೆಳಕಿನ ಪರೀಕ್ಷೆ

ಕೊಲ್ಹಾಪುರದ ಅಂಬಾಬಾಯಿಯ ದೇವಾಲಯದಲ್ಲಿ ಜನವರಿಯ ಕೊನೆಯಲ್ಲಿಯೂ ನವೆಂಬರಿನಲ್ಲಿಯೂ ನಡೆಯುವ ಕಿರಣೋತ್ಸವದ ದಿನಗಳಲ್ಲಿ, ಮುಳುಗುವ ಸೂರ್ಯನ ರಶ್ಮಿಯು ಪಶ್ಚಿಮದ ಮಹಾದ್ವಾರದಿಂದ ಒಳನುಗ್ಗಿ ನೆಲವನ್ನು ಸವರಿಕೊಂಡು ಗರ್ಭಗುಡಿಯವರೆಗೆ ಸಾಗುವಾಗ, ದಾರಿಯ ಕಲ್ಲುಹಾಸಿನ ಒಂದೊಂದು ಉಬ್ಬು–ತಗ್ಗಿಗೂ ಉದ್ದನೆಯ ನೆರಳು ಮೂಡುತ್ತದೆ. ಪಡುವಣ ಜಾಳಿಗೆಯ ಯುಟಿಲಿಟಿಯಲ್ಲಿ ಪ್ರತಿ ಸಂಜೆಯೂ ಗೋಡೆಗೆ ಇದೇ ಪರೀಕ್ಷೆ. ಲಾಂಬಿಯ ಪಟ್ಟಿ ಎಳೆದ ಗೆರೆ, ಪೈಪಿಗಾಗಿ ಒಡೆದು ಮುಚ್ಚಿದ ತೇಪೆ, ಮೊಳೆ ಕಿತ್ತ ಗುಳಿ, ಇವನ್ನೆಲ್ಲ ಮ್ಯಾಟ್ ಬಣ್ಣವು ಮರೆಮಾಚಿದರೆ ಗ್ಲಾಸಿ ಬಣ್ಣವು ಡಂಗುರ ಸಾರುತ್ತದೆ. ನುರಿತ ಪೇಂಟರರು ಸಂಜೆ ಹೊತ್ತಿನಲ್ಲಿ ವಯರಿಗೆ ಕಟ್ಟಿದ ಬಲ್ಬನ್ನು ಗೋಡೆಗೆ ತೀರ ಸಮೀಪ ಹಿಡಿದು, ಕೆನ್ನೆಯನ್ನು ಗೋಡೆಗೆ ಆನಿಸಿದಂತೆ ನಿಂತು, ನೆರಳು ಬಿದ್ದಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕುತ್ತಾರೆ. ಆ ಸುತ್ತುಗಳೆಷ್ಟೆಂಬುದನ್ನು ನೋಡಿಯೇ ಹೊಳಪು ಎಷ್ಟಿರಬೇಕೆಂದು ತೀರ್ಮಾನಿಸಬೇಕು.

ಇಷ್ಟು ವಿಚಾರಿಸಿದ ಮೇಲೆ ನನ್ನ ಸಲಹೆ ಹೀಗಿದೆ. ಛಾವಣಿಗೆ ಶುಭ್ರವಾದ ಮ್ಯಾಟ್ ಬಿಳುಪನ್ನೇ ಬಳಿಯಬೇಕು. ಅದನ್ನು ಯಾರೂ ಮುಟ್ಟುವುದಿಲ್ಲ, ಬೆಳಕನ್ನು ಕೆಳಕ್ಕೆ ಚೆಲ್ಲುವ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುವ ಮತ್ತೊಂದು ಮುಖವೂ ಕೋಣೆಯಲ್ಲಿಲ್ಲ. ಗೋಡೆಗಳಿಗೆ ಬಿಳುಪಿಗೆ ಅತಿ ಸಮೀಪದ ಛಾಯೆಯ, ಮಂದಹೊಳಪಿನ ಎಮಲ್ಷನ್. ಸಿಂಕು ಮತ್ತು ಮಶೀನಿನ ಬಳಿ, ನೆಲದಿಂದ ನಾಲ್ಕೈದು ಅಡಿಯೆತ್ತರದವರೆಗೆ, ಟೈಲ್ಸ್ ಇಲ್ಲದಿದ್ದರೆ ಸ್ಯಾಟಿನ್. ಗ್ಲಾಸಿ ಎನಾಮೆಲ್ಲನ್ನು ಬಾಗಿಲು, ಚೌಕಟ್ಟು, ಜಾಳಿಗೆಯ ಸರಳುಗಳಿಗೆ ಮೀಸಲಿಡತಕ್ಕದ್ದು. ಜಾಳಿಗೆಯ ಎದುರುಗೋಡೆಗೆ ಗ್ಲಾಸಿ ಬಳಿದರೆ, ಬೆಳಕಿನ ಒಂದು ಬಿಳಿಪಟ್ಟೆ ಕಣ್ಣಿಗೆ ಚುಚ್ಚುವುದಲ್ಲದೆ, ಅದಕ್ಕೆ ಒಗ್ಗಿದ ಕಣ್ಣಿಗೆ ಕೋಣೆಯ ಮಿಕ್ಕ ಭಾಗವು ಮೊದಲಿಗಿಂತಲೂ ಕತ್ತಲಾಗಿ ತೋರುವುದು.

▣ ಬಿಳಿಹಾಳೆಯ ಉಪಾಯ
ಗೋಡೆ ಎಷ್ಟು ಬಿಳಿಯೆಂಬುದನ್ನು ಕಣ್ಣು ಒಂಟಿಯಾಗಿ ಹೇಳಲಾರದು, ಬೇಗ ಮೋಸಹೋಗುತ್ತದೆ. ಝೆರಾಕ್ಸಿನ ಹೊಸ ಹಾಳೆಯೊಂದನ್ನು ಗೋಡೆಗೆ ಅಂಟಿಸಿ ಹಗಲಿನಲ್ಲಿ ದೂರದಿಂದ ನೋಡಿದರೆ, ಬಿಳಿಯೆಂದುಕೊಂಡಿದ್ದ ಗೋಡೆಯ ನಿಜವಾದ ಬಣ್ಣ ಥಟ್ಟನೆ ತಿಳಿಯುತ್ತದೆ. ಶೇಡ್ ಕಾರ್ಡಿನ ಆಯ್ಕೆಗೂ ಇದೇ ಹಾಳೆ ಸಾಕು.

ಹೊಳೆಯ ನೆನಪಿರುವ ಗೋಡೆಗಳು

2019ರ ಆಗಸ್ಟಿನಲ್ಲಿಯೂ 2021ರ ಜುಲೈನಲ್ಲಿಯೂ ಪಂಚಗಂಗೆಯ ಮಹಾಪೂರವನ್ನು ಕಂಡ ಕೊಲ್ಹಾಪುರ, ಇಚಲಕರಂಜಿಗಳ ತಗ್ಗುಪ್ರದೇಶದ ಮನೆಗಳಿಗೂ, ಹಿರಣ್ಯಕೇಶಿಯ ದಂಡೆಯ ಮನೆಗಳಿಗೂ ಇನ್ನೊಂದು ಮಾತು ಅನ್ವಯಿಸುತ್ತದೆ. ನೆನೆದ ಇಟ್ಟಿಗೆಯು ತನ್ನ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು, ಹೊರಬರುವಾಗ ಕರಗಿದ ಲವಣಗಳನ್ನೂ ಮೇಲಕ್ಕೆ ತರುತ್ತದೆ. ಅಂಥ ಗೋಡೆಗೆ ಒತ್ತಾದ ಗ್ಲಾಸಿ ಪದರವನ್ನು ಹೊದಿಸಿದರೆ, ದಾರಿಗಾಣದ ತೇವವು ಬಣ್ಣವನ್ನೇ ಹಪ್ಪಳದಂತೆ ಎಬ್ಬಿಸಿ ಕೆಡವುತ್ತದೆ. ಇದಕ್ಕೆ ಪೇಂಟಿನ ಕಂಪನಿಯನ್ನು ಶಪಿಸಿ ಫಲವಿಲ್ಲ.

ಬಣ್ಣಕ್ಕೆ ಮೊದಲು ಮೊಳದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಒಂದು ದಿನ ಬಿಟ್ಟು ನೋಡಬೇಕು. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಒಣಗಿಲ್ಲವೆಂದರ್ಥ. ದೀಪಾವಳಿಯೇ ಬರಲಿ, ಮಗಳ ಲಗ್ನವೇ ಇರಲಿ, ಸ್ಯಾಟಿನ್ನಿನ ಆಸೆಯನ್ನು ಅಲ್ಲಿಗೆ ನಿಲ್ಲಿಸಿ ಈ ವರ್ಷಕ್ಕೆ ಸುಣ್ಣ ಬಳಿಯಿಸುವುದು ಒಳ್ಳೆಯದು. ಸುಣ್ಣ ತೇವವನ್ನು ತಡೆಯದು, ಕೋಣೆಯನ್ನಂತೂ ಬೆಳಗುವುದು, ಖರ್ಚೂ ಅಲ್ಪ. ಹೊಸ ಗಿಲಾವಿನ ಗೋಡೆಯಾದರೆ ಕನಿಷ್ಠ ನಾಲ್ಕು ವಾರಗಳಾದರೂ ಕಾಯುವುದು ಮೇಲು. ಬೂಸ್ಟು ಕಂಡ ಕಡೆ ಅದನ್ನು ತೊಳೆದು ಒಣಗಿಸದೆ ಮೇಲೆ ಬಣ್ಣ ಬಳಿಯುವುದು ಹಣವನ್ನು ಮೋರಿಗೆ ಸುರಿದಂತೆಯೇ. ಮಳೆಗಾಲದಲ್ಲಿ ಬಟ್ಟೆ ಒಳಗೇ ಒಣಗುವ ಮನೆಯಲ್ಲಿ ಬಣ್ಣಕ್ಕಿಂತ ಮೊದಲು ಒಂದು ಎಕ್ಸಾಸ್ಟ್ ಫ್ಯಾನು ಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಉಳಿದ ಬಣ್ಣವನ್ನು ಪೇಂಟರನು ಒಯ್ಯುತ್ತೇನೆಂದರೆ ಕೊಟ್ಟುಬಿಡಬಾರದು. ಮಂದಹೊಳಪಿನ ಗೋಡೆಗೆ ಮುಂದೆಂದಾದರೂ ತೇಪೆ ಹಾಕುವಾಗ, ಛಾಯೆ ಹೊಂದಿದರೂ ಹೊಳಪು ಹೊಂದದೆ ಆ ಜಾಗ ಎದ್ದು ಕಾಣುವುದರಿಂದ, ಅದೇ ಡಬ್ಬಿಯ ಬಣ್ಣವೇ ಬೇಕಾಗುತ್ತದೆ. ಅದನ್ನು ಚಿಕ್ಕ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಮಾಡಿ, ಕಂಪನಿಯ ಹೆಸರು, ಶೇಡಿನ ನಂಬರು, ಮ್ಯಾಟೋ ಸ್ಯಾಟಿನ್ನೋ ಎಂಬುದು, ಬಳಿದ ತಿಂಗಳು, ಇಷ್ಟನ್ನು ಯುಟಿಲಿಟಿಯ ಬಾಗಿಲಿನ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡಬೇಕು. ಡಬ್ಬಿಯ ಮೇಲೆ ಬರೆದರೆ ಬಣ್ಣ ಸೋರಿ ಮೊದಲು ಅಳಿಯುವುದು ಆ ಬರಹವೇ.